ಶುಕ್ರವಾರ ಅಳೆದ ದೀಪ

ವಿದ್ಯುತ್ ವಿತರಣಾ ಕಚೇರಿಯ ಕಾರ್ಯಪಾಲಕ ಎಂಜಿನಿಯರ್ ಅವರಿಗೆ,

ಮಾನ್ಯರೇ,

ನಮ್ಮ ಹೋಟೆಲಿನ ಅಡುಗೆಮನೆಯ ದೀಪ ನಡುಗುತ್ತದೆ. ಆರುವುದಿಲ್ಲ, ನಡುಗುತ್ತದೆ. ಹದಿನಾಲ್ಕು ತಿಂಗಳಲ್ಲಿ ಇದು ನನ್ನ ಒಂಬತ್ತನೆಯ ಅರ್ಜಿ. ಮೊದಲಿನವುಗಳಲ್ಲಿ ಸಿಟ್ಟಿತ್ತು. ಈಗ ಅದೂ ಬರುವುದಿಲ್ಲ. ಸಿಟ್ಟಿಲ್ಲವೆಂದು ಓದದೆ ಬಿಡಬೇಡಿ.

ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ನಮ್ಮದು ಹತ್ತು ಮೇಜಿನ ಸಸ್ಯಾಹಾರಿ ಹೋಟೆಲು. ಹಿಂದಿನ ಗೋಡೆಗೆ ತಾಗಿ ಕಬ್ಬಿಣದ ಗೇಟು ಮಾಡುವ ಶೆಡ್ಡು. ಇಬ್ಬರಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಅಲ್ಲಿ ವೆಲ್ಡಿಂಗ್ ಶುರುವಾದಾಗಲೆಲ್ಲ ಇಲ್ಲಿ ವೋಲ್ಟೇಜ್ ಬೀಳುತ್ತದೆ, ಏಳುತ್ತದೆ. ಆದರೆ ನಿಮ್ಮ ಕಿರಿಯ ಎಂಜಿನಿಯರ್ ಒಳಗೆ ಕಾಲಿಟ್ಟವರೇ ನಮ್ಮ ದೋಸೆ ಹಿಟ್ಟಿನ ಗ್ರೈಂಡರಿನತ್ತ ಬೆರಳು ತೋರಿಸಿದರು. ಉಡುಪಿಯವರ ಹೋಟೆಲಿನಲ್ಲಿ ತಪ್ಪು ಗ್ರೈಂಡರಿನದಲ್ಲದೆ ಇನ್ಯಾರದು? ನಾವೂ ನಂಬಿದೆವು. ಒಂದು ತಿಂಗಳು ಗ್ರೈಂಡರಿಗೆ ಬಟ್ಟೆ ಹೊದಿಸಿ, ಪಕ್ಕದ ಕಲ್ಯಾಣ ಪೇಟೆಯಿಂದ ಹಿಟ್ಟು ತರಿಸಿದೆವು. ದೋಸೆ ಹುಳಿಯಾಯಿತು, ದೀಪ ಹಾಗೇ ನಡುಗಿತು.

ಆ ತಿಂಗಳಲ್ಲೇ ನನ್ನ ಹೆಂಡತಿ ದಮಯಂತಿ ಕಾವಲಿಯ ಮುಂದೆ ಬಿದ್ದಳು. ಹುಡುಗಿಯಾಗಿದ್ದಾಗ ಅವಳಿಗೆ ಫಿಟ್ಸ್ ಬರುತ್ತಿತ್ತು. ಮದುವೆಯಾದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಬಲಗೈ ಮೊಣಕೈವರೆಗೆ ಸುಟ್ಟಿತು. ಮಿಣಮಿಣ ಅನ್ನುವ ಬೆಳಕಿನಲ್ಲಿ ನಿಲ್ಲಲೇಬಾರದು, ಇನ್ನೊಮ್ಮೆ ಒಲೆಯ ಬಳಿ ಬಿದ್ದರೆ ಕೈಯಷ್ಟಕ್ಕೇ ಮುಗಿಯುವುದಿಲ್ಲ ಎಂದರು ಡಾಕ್ಟರು. ಇಪ್ಪತ್ತೆರಡು ವರ್ಷ ಆ ಅಡುಗೆಮನೆ ನಡೆಸಿದವಳು ಈಗ ಬಾಗಿಲ ಹೊರಗೆ ಸ್ಟೂಲಿನಲ್ಲಿ ಕೂತು, ಸಾಂಬಾರಿಗೆ ಉಪ್ಪು ಎಷ್ಟೆಂದು ಕೂಗಿ ಹೇಳುತ್ತಾಳೆ. ನೋಡಿದರೆ ನನಗೆ ಅಳು ಬರಬೇಕು. ಬರುವುದಿಲ್ಲ.

ನೀವು ಅಳೆಯಲು ಜನ ಕಳಿಸಲಿಲ್ಲವೆಂದು ಸುಳ್ಳು ಹೇಳಲಾರೆ. ಕಳಿಸಿದಿರಿ, ಶುಕ್ರವಾರ. ಶುಕ್ರವಾರ ಇಲ್ಲಿನ ಕಾರ್ಖಾನೆಗಳಿಗೆ ವಾರದ ರಜೆ ಎಂದು ಸ್ಟೇಷನ್ನಿನ ರಿಕ್ಷಾದವರಿಗೂ ಗೊತ್ತು. ನಿಮ್ಮ ಕಚೇರಿಗೆ ಮಾತ್ರ ಗೊತ್ತಿರಲಿಲ್ಲವೇ? ಶೆಡ್ಡಿಗೆ ಬೀಗ ಬಿದ್ದಿತ್ತು, ದೀಪ ಬಹಳ ಸಂಭಾವಿತನಂತೆ ಉರಿಯಿತು. “ಅಣ್ಣಾ, ಸಬ್ ಲಿಮಿಟ್ ಮೇ ಹೈ,” ಎಲ್ಲ ಮಿತಿಯೊಳಗೇ ಇದೆ ಎಂದು ಬಂದವರು ಚಹಾ ಕುಡಿದು ಹೋದರು.

ಆ ಲಿಮಿಟ್ ಏನೆಂದು ನಾನೂ ಹುಡುಕಿ ಓದಿದೆ. ಬಲ್ಬಿನ ಕೆಳಗೆ ಜನರನ್ನು ಕೂರಿಸಿ ನೋಡಿ ನಿಗದಿ ಮಾಡಿದ್ದಂತೆ: ಸುಮಾರು ಅರ್ಧ ಜನಕ್ಕೆ ಕಿರಿಕಿರಿಯಾಗುವ ನಡುಕವೇ ಮಿತಿ. ನಮ್ಮ ಮನೆಯಲ್ಲಿ ಇರುವುದು ಇಬ್ಬರು. ನನಗೆ ಆ ನಡುಕದಿಂದ ಏನೂ ಆಗುವುದಿಲ್ಲ. ಅವಳು ಬೀಳುತ್ತಾಳೆ. ಲೆಕ್ಕ ಸರಿಯಾಗಿಯೇ ಇದೆ, ಮಾನ್ಯರೇ, ಅರ್ಧ ಜನ.

ನನ್ನ ಬೇಡಿಕೆ ದೊಡ್ಡದಲ್ಲ. ಮಂಗಳವಾರ ಬನ್ನಿ, ಹನ್ನೊಂದು ಗಂಟೆಗೆ, ಶೆಡ್ಡಿನಲ್ಲಿ ಕೆಲಸ ನಡೆಯುವಾಗ. ಅಳೆಯುವ ಯಂತ್ರವನ್ನು ಒಂದು ವಾರ ಇಲ್ಲೇ ಬಿಡಿ. ಆಮೇಲೆ ಶೆಡ್ಡಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಕೊಡಿ. ಚಹಾ ಆಗಲೂ ಸಿಗುತ್ತದೆ.

ಈ ಪತ್ರ ಬರೆಯುತ್ತೇನೆಂದಾಗ ದಮಯಂತಿ ಬೇಡ ಅನ್ನಲಿಲ್ಲ. “ಬರೀರಿ ಮಾರಾಯ್ರೆ, ಆದ್ರೆ ಲೈಟ್ ಬಂದ್ ಮಾಡಿ ಬರೀರಿ,” ಎಂದಳು. ಕಿಟಕಿಯ ಬೆಳಕಿನಲ್ಲಿ ಬರೆದಿದ್ದೇನೆ.

ಇಂತಿ,
ನಿಮ್ಮ ಮಿತಿಯ ಒಳಗಿನ ಗ್ರಾಹಕ,
ಹರಿಶ್ಚಂದ್ರ