ಸಂಕಷ್ಟಿಯ ದಿನದ ಬರೀ ಚಾ

ವಿಕ್ರೋಳಿ, ಮುಂಬಯಿ
13-2-1974, ಬುಧವಾರ

ಊರಲ್ಲಿ ಹೋಗಿ ಕೂತಿರುವ ನನ್ನ ಯಜಮಾನರಿಗೆ ನೀಲಾವತಿ ಮಾಡುವ ನಮಸ್ಕಾರ.

ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅತ್ತೆಯವರ ಜ್ವರ ಹೇಗಿದೆ? ಸೋಮವಾರ ಬೆಳಕು ಹರಿಯುವ ಮೊದಲೇ "ಅಮ್ಮನಿಗೆ ಜ್ವರ ಜೋರಂತೆ, ನೋಡಿಕೊಂಡು ಬರುತ್ತೇನೆ" ಎಂದು ಚೀಲ ಹಿಡಿದು ಮಂಗಳೂರು ಬಸ್ಸಿಗೆ ಓಡಿದಿರಲ್ಲ, ಅದಕ್ಕೆ ಕೇಳಿದೆ. ಮಂಗಳವಾರದ ಅಂಚೆಗೆ ಅತ್ತೆಯವರದ್ದೇ ಕಾರ್ಡು ಬಂದಿದೆ. ಬೀಡಿ ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ತಾವೇ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದಾರಂತೆ, ಸೊಂಟದ ನೋವೂ ಈಗ ಇಲ್ಲವಂತೆ. ಪಾಪ, ಮಗ ತಮ್ಮ ಮೈಗೆ ಇಲ್ಲದ ಜ್ವರ ಹಚ್ಚಿ ಬಸ್ಸು ಹತ್ತಿದ್ದು ಅವರಿಗೇನು ಗೊತ್ತು. ಅವರಿಗೆ ನನ್ನ ನಮಸ್ಕಾರ ಹೇಳಿ. ಅವರ ಮೇಲೆ ನನಗೆ ಏನೂ ಸಿಟ್ಟಿಲ್ಲ.

ಸಿಟ್ಟು ಯಾರ ಮೇಲೆ ಎಂದು ನಿಮಗೆ ಗೊತ್ತು. ಎದುರಿಗಿದ್ದಿದ್ದರೆ ಬಾಯಿಯಲ್ಲೇ ಹೇಳುತ್ತಿದ್ದೆ, ನೀವು ಅದಕ್ಕೂ ಜಾಗ ಕೊಡಲಿಲ್ಲ. ಭಾನುವಾರ ರಾತ್ರಿ ಮನೆಗೆ ಬಂದವರು ಗೋಡೆ ಕಡೆ ತಿರುಗಿ ಮಲಗಿದಿರಿ. ನನ್ನ ತಮ್ಮ ಧರ್ಮಣ್ಣ ಹೊರಗೆ ಚಾಳಿನ ಮೆಟ್ಟಿಲ ಮೇಲೆ ಕೂತಿದ್ದ, ಅವನನ್ನು ದಾಟಿಕೊಂಡೇ ಒಳಗೆ ಬಂದಿರಿ. ಬೆಳಿಗ್ಗೆ ಅವನನ್ನು ದಾಟಿಕೊಂಡೇ ಹೊರಗೆ ಹೋದಿರಿ. ಒಂದು ಮಾತು? "ಧರ್ಮಾ, ತಪ್ಪಾಯಿತು" ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂತು ದಿನವಿಡೀ "ದೋ ಮಸಾಲಾ, ಏಕ್ ಸಾದಾ" ಎಂದು ಕೂಗುವ ಗಂಟಲು ಆಗ ಎಲ್ಲಿ ಹೋಗಿತ್ತು?

ಆ ಹುಡುಗ ಹನ್ನೆರಡು ವರ್ಷದವನಿದ್ದಾಗ ನಮ್ಮ ಅಮ್ಮ ತೀರಿಕೊಂಡಳು. ಅವನನ್ನು ಇಲ್ಲಿಗೆ ಕರೆತಂದವರು ನೀವೇ, ಅದನ್ನು ನಾನು ಮರೆತಿಲ್ಲ, ಸಿಟ್ಟಿನಲ್ಲೂ ಮರೆಯುವುದಿಲ್ಲ. ಈಗ ಅವನಿಗೆ ಇಪ್ಪತ್ತಮೂರು. ಐದು ವರ್ಷದಿಂದ ಕಂಪೆನಿಯಲ್ಲಿ ಬದಲಿ ಕೆಲಸ. ದಿನಾ ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ಗೇಟಿನ ಎದುರು ನಿಲ್ಲಬೇಕು. ಯಾರಾದರೂ ರಜೆ ಹಾಕಿದ್ದರೆ ಇವನ ಹೆಸರು ಕೂಗುತ್ತಾರೆ, ಇಲ್ಲದಿದ್ದರೆ ತುಂಬಿದ ಡಬ್ಬಿ ಹಾಗೆಯೇ ವಾಪಸ್ಸು. ಹತ್ತು ಗಂಟೆಗೆ ಮನೆಯಲ್ಲಿ ಕೂತು, ನನ್ನ ಮುಖ ನೋಡದೆ, ಆ ಡಬ್ಬಿಯ ಅನ್ನ ಉಣ್ಣುವುದನ್ನು ನಾನು ಐದು ವರ್ಷ ನೋಡಿದ್ದೇನೆ. ಕಬಡ್ಡಿ ಒಂದು ಅವನ ಕೈ ಹಿಡಿದಿತ್ತು. ನಮ್ಮ ವಿಕ್ರೋಳಿಯ ಕಬಡ್ಡಿ ಮಂಡಳಿ ಲೀಗಿನಿಂದ ಮುಂದಿನ ಸುತ್ತಿಗೆ ಹೋದರೆ ಧರ್ಮಣ್ಣನನ್ನು ಪರ್ಮನೆಂಟ್ ಮಾಡುತ್ತೇನೆ ಎಂದು ಕಂಪೆನಿಯ ಸಾಹೇಬರು ಗಣಪತಿ ಹಬ್ಬದಲ್ಲೇ ಎಲ್ಲರ ಎದುರು ಹೇಳಿದ್ದರು. ಆ ದಿನ ನೀವು ಹೋಟೆಲಿನಿಂದ ಅರ್ಧ ಸೇರು ಶಿರಾ ಕಟ್ಟಿಸಿಕೊಂಡು ಬಂದಿರಿ, ನೆನಪಿದೆಯೇ?

ಆಮೇಲೆ ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಒಂದೇ ಮಾತು. ನಮ್ಮವರು ಏನು ಆಡಿದರು ಅನ್ನುವುದಕ್ಕಿಂತ ಬೈಕುಲ್ಲಾದವರು ಏನು ಮಾಡಿದರು ಅನ್ನುವುದೇ ಹೆಚ್ಚು. ಮುಂದಿನ ಸುತ್ತಿಗೆ ಇರುವುದು ಎರಡು ಜಾಗ, ಒಂದನ್ನು ಪರೇಲಿನವರು ಮೊದಲೇ ಹಿಡಿದಿದ್ದರು, ಇನ್ನೊಂದಕ್ಕೆ ನಾವೂ ಬೈಕುಲ್ಲಾದವರೂ. ನಾನು ಅಡಿಗೆ ಮನೆಯ ಗೋಡೆಯಲ್ಲಿ ಇದ್ದಿಲಿನಿಂದ ಇಬ್ಬರ ಅಂಕ ಬರೆಯುತ್ತಿದ್ದೆ. ಕಂಡುಕೇಳದ ಮಾಹೀಮಿನ ಹುಡುಗರು ಬೈಕುಲ್ಲಾದವರನ್ನು ಸೋಲಿಸಲಿ ಎಂದು ದೇವರಿಗೆ ದೀಪ ಇಟ್ಟವಳು ನಾನು. ಇನ್ನೊಬ್ಬರ ಮಕ್ಕಳು ಸೋಲಲಿ ಎಂದು ಬೇಡಿಕೊಂಡದ್ದಕ್ಕೆ ಹೀಗಾಯಿತೋ ಏನೋ. ಬೈಕುಲ್ಲಾದವರ ಮೈದಾನ ನಿಮ್ಮ ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ಇದ್ದುದರಿಂದ ಸುದ್ದಿ ತರುವ ಕೆಲಸ ನಿಮ್ಮದು. ನೀವು ಆಟಕ್ಕೆ ಹೋಗಿ ನೋಡುವುದೇ ಬೇಡ ಎಂದು ಒಮ್ಮೆ ಜಂಬ ಕೊಚ್ಚಿದ್ದಿರಿ. ಆಟ ಮುಗಿಸಿ ಅವರು ನಿಮ್ಮ ಹೋಟೆಲಿಗೇ ಬರುತ್ತಾರೆ, ಗೆದ್ದರೆ ಎಲ್ಲರಿಗೂ ಶಿರಾ, ಸೋತರೆ ಬರೀ ಚಾ, ಗಲ್ಲೆಯಲ್ಲಿ ಕೂತವನಿಗೆ ಅಷ್ಟು ಸಾಕು ಎಂದಿರಿ. ನಾನೂ ಮಗಳು ವಿನೋದಿನಿಯೂ ನಕ್ಕೆವು. ತಮಾಷೆ ಎಂದುಕೊಂಡೆವು, ನೋಡಿ.

ಮೊನ್ನೆಯ ಭಾನುವಾರ ಕೊನೆಯ ಆಟ. ಇಬ್ಬರ ಅಂಕವೂ ಸಮ. ಅವರು ಗೆದ್ದರೆ ನಾವೂ ಗೆಲ್ಲಲೇಬೇಕು, ಅವರು ಸೋತರೆ ನಾವು ಸೋಲದಿದ್ದರೆ ಸಾಕು. ಅವರ ಆಟ ಬೈಕುಲ್ಲಾದಲ್ಲಿ ನಾಲ್ಕಕ್ಕೆ, ನಮ್ಮದು ಇಲ್ಲಿ ಬಾಂದ್ರಾದವರ ಮೇಲೆ, ಮುಖ್ಯ ಅತಿಥಿಗಳ ಕಾರು ಬಾರದೆ ಐದೂಕಾಲಕ್ಕೆ ಶುರುವಾಯಿತು. ಶನಿವಾರವೇ ಕ್ಯಾಪ್ಟನ್ ಮೋನಪ್ಪ ನಿಮ್ಮ ಕೈ ಹಿಡಿದು ಹೇಳಿದ್ದ, "ಚಾ ಅಂಗಡಿಯ ದೂಜಣ್ಣನ ಫೋನಿಗೆ ಸುದ್ದಿ ಕೊಡಿ, ನೀವೇ ನಿಂತು ನೋಡಿ ಕೊಡಿ" ಎಂದು. ನಾನು ಮೋನಪ್ಪನ ಹೆಂಡತಿ ಸೇವಂತಿಯನ್ನು ಜೊತೆಗೆ ಕರೆದುಕೊಂಡು ಗಂಡಸರು ತುಂಬಿದ ಆ ಅಂಗಡಿಯಲ್ಲಿ ಫೋನಿನ ಹತ್ತಿರ ನಿಂತೆ. ಮೈದಾನದ ಕೂಗು ಕೇಳುತ್ತಿತ್ತು, ಆಟ ಕಾಣುತ್ತಿರಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ನಿಮ್ಮ ಫೋನು. "ಸೋತರು ಮಾರಾಯ್ತಿ, ಬೈಕುಲ್ಲಾ ಸೋತಿತು, ಧರ್ಮನಿಗೆ ಹೇಳು ಕೆಲಸ ಆಯಿತೆಂದು." ನಾನು ಕೇಳಿದೆ, ಒಂದಲ್ಲ ಎರಡು ಸಲ ಕೇಳಿದೆ, ನೀವೇ ನೋಡಿದಿರಾ ಎಂದು. "ಕಣ್ಣಾರೆ ಕಂಡಿದ್ದೇನೆ" ಎಂದಿರಿ.

ನಾನು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಓಡಿದೆ. ಜನರನ್ನು ಸೀಳಿಕೊಂಡು ಗೆರೆಯ ಹತ್ತಿರ ಹೋಗಿ "ಅವರು ಸೋತರು, ಅವರು ಸೋತರು" ಎಂದು ಹುಚ್ಚಿಯ ಹಾಗೆ ಕೂಗಿದೆ. ಇನ್ನು ನಾಲ್ಕು ನಿಮಿಷ ಇತ್ತು, ಅಂಕ ಇಪ್ಪತ್ತೊಂದು ಇಪ್ಪತ್ತೊಂದು, ಬಾಂದ್ರಾದವರಲ್ಲಿ ಒಳಗೆ ಉಳಿದಿದ್ದವರು ಮೂರೇ ಜನ. ಆ ಮೂವರನ್ನು ಧರ್ಮಣ್ಣ ಒಬ್ಬನೇ ಮುಗಿಸುತ್ತಿದ್ದ, ಅವನ ಕಾಲಲ್ಲಿ ಆ ದಿನ ಅಷ್ಟು ಕಸುವಿತ್ತು. ನನ್ನ ಕೂಗು ಕೇಳಿ ಮೋನಪ್ಪ ಕೈ ಎತ್ತಿದ. "ಸಾಕು ಧರ್ಮಾ, ಯಾರನ್ನೂ ಮುಟ್ಟಲು ಹೋಗಬೇಡ, ಸುಮ್ಮನೆ ಹೋಗಿ ಬಾ." ಅವನು ನನ್ನ ಕಡೆ ನೋಡಿದ. ನಾನು ನಗುತ್ತಾ ತಲೆ ಆಡಿಸಿದೆ. ಆಮೇಲೆ ಅವನು ಕಬಡ್ಡಿ ಕಬಡ್ಡಿ ಎನ್ನುತ್ತಾ ಖಾಲಿ ಹೋದ, ಖಾಲಿ ಬಂದ. ಜನ ಶಿಳ್ಳೆ ಹೊಡೆದು ನಕ್ಕರು, ಹೋ ಎಂದು ಅಣಕಿಸಿದರು. ಆಟ ಸಮ ಆಯಿತು. ಪೇಡೆ ಹಂಚಿದರು, ಅವನ ಕೊರಳಿಗೆ ಹಾರ ಬಿತ್ತು, ಸಾಹೇಬರು ಬೆನ್ನು ತಟ್ಟಿದರು. ಏಳು ಗಂಟೆಗೆ ಲೀಗಿನ ಆಫೀಸಿನಿಂದ ಫೋನು ಬಂತು. ಬೈಕುಲ್ಲಾದವರು ಹನ್ನೊಂದು ಅಂಕದಿಂದ ಗೆದ್ದಿದ್ದರು. ಹಾರ ಇನ್ನೂ ಅವನ ಕೊರಳಲ್ಲೇ ಇತ್ತು, ಅದನ್ನು ತೆಗೆಯುವುದಕ್ಕೂ ಅವನಿಗೆ ಕೈ ಬರಲಿಲ್ಲ, ನಾನು ತೆಗೆದೆ.

ನಿನ್ನೆ ನಿಮ್ಮ ಹೋಟೆಲಿನ ಕೊರಗಣ್ಣ ರಜೆ ಹಾಕಿ ಇಲ್ಲಿಯವರೆಗೆ ಬಂದಿದ್ದರು. ಸಪ್ಲೈ ಮಾಡುವ ಆ ಮನುಷ್ಯನಿಗೆ ಇರುವ ನಾಚಿಕೆ ನಿಮಗೆ ಇರಲಿಲ್ಲ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಸುಳ್ಳಿದ್ದರೆ ತಿದ್ದಿ. ಸಾಯಂಕಾಲ ಟಿಫಿನ್ನಿನ ರಶ್ಶು, ಸೇಟು ಇರಲಿಲ್ಲ, ನೀವು ಗಲ್ಲೆ ಬಿಟ್ಟು ಏಳಲಿಲ್ಲ. ಬೈಕುಲ್ಲಾದ ಹುಡುಗರು ಬಂದು ಮೂಲೆಯ ಟೇಬಲಿನಲ್ಲಿ ತಲೆ ತಗ್ಗಿಸಿ ಕೂತರು. ಅವರ ಕ್ಯಾಪ್ಟನ್ ಹಣೆಗೆ ಕೈ ಹಚ್ಚಿಕೊಂಡಿದ್ದ. ಶಿರಾ ಯಾರೂ ಕೇಳಲಿಲ್ಲ, ಎಂಟು ಚಾ ಮಾತ್ರ. ಅಷ್ಟಕ್ಕೇ ನೀವು ಫೋನು ಎತ್ತಿದಿರಿ. "ಅಕ್ಕಾ, ಅವತ್ತು ಸಂಕಷ್ಟಿ ಅಲ್ಲವಾ, ಅವರಿಗೆಲ್ಲ ಉಪಾಸ್. ಸಾಬಕ್ಕಿ ಖಿಚಡಿ ಉಂಟಾ ಅಂತ ನನ್ನ ಹತ್ತಿರ ಕೇಳಿದರು, ಮೂರು ಗಂಟೆಗೇ ಖತಂ ಆಗಿತ್ತು. ಬೆಳಿಗ್ಗಿಂದ ಹೊಟ್ಟೆಗಿಲ್ಲದೆ ಆಡಿ ಬಂದ ಹುಡುಗರು, ಚಂದ್ರ ಬರುವವರೆಗೆ ಏನು ತಿನ್ನುತ್ತಾರೆ?" ಅಂದರು ಕೊರಗಣ್ಣ.

ಸಂಕಷ್ಟಿ! ಹದಿನಾಲ್ಕು ವರ್ಷ ಬೈಕುಲ್ಲಾದಲ್ಲಿ ಹೋಟೆಲು ಕೆಲಸ ಮಾಡಿದ ಮನುಷ್ಯ! ಚೌತಿ ಬಂದರೆ ಮರಾಠಿಯವರು ಉಪವಾಸ, ಅವತ್ತು ಇಡ್ಲಿ ಹಿಟ್ಟು ಕಡಿಮೆ, ಖಿಚಡಿಗೆ ಸಾಬುದಾಣಾ ಹೆಚ್ಚು ನೆನೆ ಹಾಕಬೇಕು ಎಂದು ನನಗೇ ಪಾಠ ಹೇಳುತ್ತಿದ್ದವರು ನೀವು. ಆ ದಿನ ಬೆಳಿಗ್ಗೆ ಬಾಗಿಲ ಹಲಗೆಯಲ್ಲಿ ಖಿಚಡಿ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದದ್ದು ನಿಮ್ಮ ಕೈ. ಅದನ್ನು ಸಾಯಂಕಾಲಕ್ಕೆ ಮರೆತಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು, ನೀವು ಪ್ರತ್ಯಕ್ಷವೂ ಕಾಣಲಿಲ್ಲ. ಹಿಂದಿನ ಬಾಗಿಲಿನಿಂದ ಮೈದಾನಕ್ಕೆ ನೂರು ಹೆಜ್ಜೆ. ಕೊರಗಣ್ಣನನ್ನಾದರೂ ಕಳಿಸಬಹುದಿತ್ತು. ಆ ಹುಡುಗರನ್ನೇ "ಕಾಯ್ ಝಾಲಾ", ಏನಾಯಿತು ಎಂದು ಒಂದು ಮಾತು ಕೇಳಬಹುದಿತ್ತು.

ಮರೆತದ್ದಕ್ಕೆ ನನಗೆ ಸಿಟ್ಟಿಲ್ಲ ಎಂದು ಹೇಳಿದರೆ ಸುಳ್ಳಾದೀತು, ಸಿಟ್ಟಿದೆ, ಆದರೆ ಅದು ಇಳಿಯುವ ಸಿಟ್ಟು. ಮನುಷ್ಯ ಮರೆಯುತ್ತಾನೆ. ಆದರೆ "ಕಣ್ಣಾರೆ" ಎಂದಿರಲ್ಲ, ಅದು ಮರೆವಲ್ಲ. ಚಾ ಕುಡಿದರು, ಅದರಿಂದ ಅಂದಾಜು ಮಾಡಿದೆ ಎಂದಿದ್ದರೆ ನಾನು ಓಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ನಿಮ್ಮ ಜಂಬದ ಸುಳ್ಳನ್ನು ನನ್ನ ಬಾಯಿಯಿಂದ ಕೂಗಿಸಿ ನನ್ನ ತಮ್ಮನ ಕಾಲು ಕಟ್ಟಿಸಿದಿರಿ. ರಾತ್ರಿ ಕಣ್ಣು ಮುಚ್ಚಿದರೆ ನಾನು ತಲೆ ಆಡಿಸಿದ್ದೇ ಕಾಣುತ್ತದೆ. ಈಗ ಮಂಡಳಿಯವರು ಏನು ಹೇಳುತ್ತಾರೆ ಗೊತ್ತೇ? ಧರ್ಮಣ್ಣನ ಬಾವ ಬೈಕುಲ್ಲಾದ ಅನ್ನ ತಿನ್ನುವವ, ಬಾವನೂ ಬಾಮೈದನೂ ಸೇರಿ ಆಟ ಬಿಟ್ಟುಕೊಟ್ಟರು ಎಂದು. ನಲ್ಲಿಯ ಹತ್ತಿರ ನಾನು ಕೊಡ ಇಟ್ಟರೆ ಹೆಂಗಸರ ಮಾತು ನಿಲ್ಲುತ್ತದೆ. ಧರ್ಮಣ್ಣ ಮಾತ್ರ ಈಗಲೂ "ಬಿಡಕ್ಕ, ಬಾವನಿಗೆ ಏನೂ ಬರೆಯಬೇಡ, ಅವರು ಬೇಕೆಂದು ಮಾಡಿದ್ದಲ್ಲ" ಅನ್ನುತ್ತಾನೆ. ಅವನು ಹಾಗೆ ಹೇಳಿದಾಗಲೆಲ್ಲ ನಿಮ್ಮ ಮೇಲಿನ ಸಿಟ್ಟು ಇಮ್ಮಡಿಯಾಗುತ್ತದೆ.

ವಿನೋದಿನಿಗೆ ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದಿದೆ. ಅಪ್ಪ ಯಾವಾಗ ಬರುತ್ತಾರೆ ಎಂದು ದಿನಾ ಕೇಳುತ್ತಾಳೆ, ಅಜ್ಜಿಯ ಜ್ವರ ಬಿಟ್ಟ ಮೇಲೆ ಎನ್ನುತ್ತೇನೆ. ಬರುವಾಗ ಅವಳಿಗೆ ಹಲಸಿನ ಹಪ್ಪಳ ತನ್ನಿ, ಅವಳ ತಪ್ಪೇನೂ ಇಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಧೈರ್ಯವನ್ನೂ ಕೊಡಲಿ. ಅತ್ತೆಯವರಿಗೆ, ನಾದಿನಿಗೆ, ಮಕ್ಕಳಿಗೆ ನಮ್ಮೆಲ್ಲರ ನೆನಪುಗಳು.

ಇಂತಿ,
ನೀಲಾವತಿ

ತಾ.ಕ.: ಕವರು ಅಂಟಿಸಿ ಆಗಿತ್ತು, ಮತ್ತೆ ಒಡೆದು ಬರೆಯುತ್ತಿದ್ದೇನೆ. ಈಗಷ್ಟೇ ಸೇವಂತಿ ಬಂದು ಅತ್ತು ಹೋದಳು. ಮಂಗಳವಾರ ರಾತ್ರಿಯೇ ಧರ್ಮಣ್ಣ ಮಂಡಳಿಯ ಕಮಿಟಿಗೆ ಹೋಗಿ, ಫೋನು ಗೀನು ಏನೂ ಇಲ್ಲ, ಅಕ್ಕ ಕೂಗಿದ್ದು ನನಗೆ ಕೇಳಲೇ ಇಲ್ಲ, ಕಾಲು ಸೋತಿತ್ತು, ಅದಕ್ಕೆ ನಾನೇ ಬೇಕೆಂದು ಆಡಲಿಲ್ಲ, ಬಾವನ ಹೆಸರು ಎತ್ತಬೇಡಿ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದಾನಂತೆ. ಕೈ ಎತ್ತಿ ನಿಲ್ಲಿಸಿದ ಮೋನಪ್ಪ ಪಕ್ಕದಲ್ಲೇ ಕೂತು ಸುಮ್ಮನಿದ್ದನಂತೆ. ಅವನಿಗೂ ಅದೇ ಬೇಕಿತ್ತು. ಬೇಕೆಂದು ಆಡದವನಿಗೆ ಬದಲಿ ಕೆಲಸವೂ ಇಲ್ಲ, ಹಾಗೆಂದು ಕಾಗದ ಕೈಗೆ ಬಂದರೆ ಗೇಟಿಗೇ ಬರುವುದು ಬೇಡ ಎಂದಿದ್ದಾರೆ ಸಾಹೇಬರು. 24ನೇ ತಾರೀಕು ಭಾನುವಾರ ಹತ್ತು ಗಂಟೆಗೆ ಕಮಿಟಿ ಕೂತು ಅವನ ಕಾಗದವನ್ನು ಸಾಹೇಬರಿಗೆ ಕಳಿಸುತ್ತದೆ. ಕಳಿಸಿದ ಮೇಲೆ ಏನು ಹೇಳಿದರೂ ಉಪಯೋಗವಿಲ್ಲ. ಈ ಪತ್ರ ಸಿಕ್ಕಿದ ದಿನವೇ ಬಸ್ಸು ಹತ್ತಿದರೆ ತಲುಪುತ್ತೀರಿ. ನೀವು ಬಾರದಿದ್ದರೆ ಅಷ್ಟು ಗಂಡಸರ ನಡುವೆ ನಾನು ಎದ್ದು ನಿಂತು, ಫೋನು ಮಾಡಿದ್ದು ಯಾರು, ಏನು ನೋಡಿ ಮಾಡಿದ್ದು ಎಂದು ಹೇಳುತ್ತೇನೆ. ಗಂಡನ ಹೆಸರು ಎತ್ತಬಾರದೆಂದು ಇಷ್ಟು ವರ್ಷ ಕವರಿನ ವಿಳಾಸವನ್ನು ಮಗಳ ಕೈಯಲ್ಲಿ ಬರೆಸುತ್ತಿದ್ದೆ. ಈ ಸಲ ನಾನೇ ಬರೆದಿದ್ದೇನೆ, ತಿರುಗಿಸಿ ನೋಡಿ, ಚೆನ್ನಯ ಪೂಜಾರಿ. ಇನ್ನು ಬಾಯಲ್ಲಿ ಹೇಳುವುದೊಂದು ಬಾಕಿ.