ಕ್ಯಾಲ್ಸಿಯಂ ಡಬ್ಬಿಯ ಮಾತ್ರೆ

ಬುಧವಾರ, ಬೆಳಿಗ್ಗೆ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ.

ಈ ಪತ್ರವನ್ನು ರೂಮಿನ ಬಾಗಿಲು ಹಾಕಿಕೊಂಡು ಓದಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಕಿವಿ ಮಂದವೆಂದು ನಾದಿನಿ ಸ್ಪೀಕರ್ ಹಾಕುತ್ತಾಳೆ, ಅವಳ ಮನೆಮಂದಿಯೆಲ್ಲ ಕೇಳಿಸಿಕೊಳ್ಳುತ್ತಾರೆ.

ಫ್ರಿಜ್ಜಿನ ಮೇಲಿದ್ದ ಕ್ಯಾಲ್ಸಿಯಂ ಡಬ್ಬಿಯನ್ನು ಮಗಳ ಮನೆಗೆ ಹೋಗುವಾಗ ಜೊತೆಗೆ ಒಯ್ದಿದ್ದೀರಿ. ನಿನ್ನೆ ಫೋನಿನಲ್ಲಿ, ಆ ಮಾತ್ರೆ ಬಲು ಚೆನ್ನಾಗಿದೆ ಕಣೇ, ಅಲ್ಲಿದ್ದಾಗಿಂದ್ಲೂ ದಿನಾ ಒಂದು ತಗೋತಿದೀನಿ, ಮಂಡಿನೋವು ಎಷ್ಟೋ ವಾಸಿ ಅಂದಿರಿ. ನೀವು ಇಲ್ಲಿದ್ದಾಗ ಮಾತ್ರೆ ಬೇಗ ಖಾಲಿಯಾಗುತ್ತಿದ್ದರೆ, ಎಣಿಕೆ ಕಡಿಮೆ ಕೊಟ್ಟನೆಂದು ಅಂಗಡಿಯವನನ್ನು ಸುಮ್ಮನೆ ಬೈದುಕೊಂಡಿದ್ದೆ.

ಅತ್ತೆ, ಅದು ಕ್ಯಾಲ್ಸಿಯಂ ಅಲ್ಲ. ಹೆಪಟೈಟಿಸ್ ಬಿ ಎಂದು ಲಿವರ್‌ಗೆ ಬರುವ ಕಾಯಿಲೆಯ ಮಾತ್ರೆ. ನನ್ನದು. ಬಂದವರೆಲ್ಲ ಏನು, ಎತ್ತ ಎಂದು ವಿಚಾರಿಸುತ್ತಾರೆಂದು ಡಬ್ಬಿ ಬದಲಿಸಿಟ್ಟ ಬುದ್ಧಿವಂತೆಯೂ ನಾನೇ.

ನಿನ್ನೆಯೇ ಡಾಕ್ಟರನ್ನು ಕೇಳಿಕೊಂಡು ಬಂದೆ. ವೈರಸ್ಸು ಮರಿ ಹಾಕಲು ಅದಕ್ಕೊಂದು ಕಿಣ್ವ ಬೇಕಂತೆ. ಮಾತ್ರೆ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ವೈರಸ್ಸು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೇ. ನಿಮಗೆ ಕಾಯಿಲೆ ಇಲ್ಲದಿದ್ದರೆ ಮಾತ್ರೆ ಬಿಟ್ಟರಾಯಿತು. ಇದ್ದರೆ, ತಟ್ಟನೆ ಬಿಟ್ಟಾಗ ಅದು ಒಮ್ಮೆಲೇ ಮೇಲೆದ್ದು ಜೀವಕ್ಕೇ ಕುತ್ತು ತರಬಹುದು.

ಆದ್ದರಿಂದ ರಕ್ತಪರೀಕ್ಷೆ ಆಗಿ ಡಾಕ್ಟರು ಹೇಳುವವರೆಗೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಲ್ಯಾಬಿನ ಚೀಟಿ ಕವರಿನಲ್ಲಿದೆ. ನಾದಿನಿ ಕೇಳಿದರೆ ಶುಗರ್ ನೋಡಿಸೋಕೆ ಎನ್ನಿ. ಮೊಂಡು ಹಿಡಿಯಬೇಡಿ ಅತ್ತೆ, ನಿಮ್ಮ ಕಾಲು ಹಿಡಿಯುತ್ತೇನೆ. ನನಗೆ ತುಂಬ ಭಯವಾಗುತ್ತಿದೆ.

ಇಂತಿ,
ನಿಮ್ಮ ಸೊಸೆ

ತಾ.ಕ.: ಕಾಯಿಲೆ ಸೊಸೆಗೆ ಬಂದರೆ ಪರೀಕ್ಷೆ ನನಗೇಕೆ ಎಂದು ನೀವು ಹೋಗುವುದೇ ಇಲ್ಲ, ನನಗೆ ಗೊತ್ತು. ಅದಕ್ಕೇ ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. ಮಾತ್ರೆ ನನ್ನದಲ್ಲ, ನಿಮ್ಮ ಮಗನದು. ಬಹಳ ಸಲ ಇದು ಹುಟ್ಟುವಾಗಲೇ ತಾಯಿಯಿಂದ ಬರುತ್ತದಂತೆ, ತಾಯಿಗೆ ತನಗಿರುವುದೇ ತಿಳಿದಿರುವುದಿಲ್ಲವಂತೆ. ನಿಮ್ಮ ಕಿವಿಗೆ ಹಾಕುವುದಿಲ್ಲವೆಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಗೊತ್ತಾದ್ರೆ, ನನ್ನ ಹೆತ್ತಿದ್ದೇ ತಪ್ಪಾಯ್ತು ಅಂತ ಅಮ್ಮ ಕೊರಗ್ತಾಳೆ ಅಂದರು. ಕೊರಗುವುದಿದ್ದರೆ ಆಮೇಲೆ ಇಬ್ಬರೂ ಕೂತು ಕೊರಗೋಣ. ಮೊದಲು ರಕ್ತ ಕೊಟ್ಟು ಬನ್ನಿ.