ಬೆಲ್ಟಿನ ಕಿರುಚಾಟ

ಮಾರ್ಚ್ ೧೨, ಮಂಗಳವಾರ

ಅಂತೂ ಕಾರು ತೊಲಗಿತು. ಎರಡು ಲಕ್ಷ ಕಿಲೋಮೀಟರ್ ಓಡಿದ್ದು, ಗೇರ್ ಸರಿಯಾಗಿ ಬೀಳಲ್ಲ, ಸ್ಟಾರ್ಟ್ ಮಾಡಿದರೆ ಫ್ಯಾನ್ ಬೆಲ್ಟ್ ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. "ಗುಜರಿಯವನೂ ಮೂಸಿ ನೋಡಲ್ಲ ಅಕ್ಕಾ" ಅಂದಿದ್ದ ತಮ್ಮ. ಇವತ್ತು ಬಂದವನು ಚೌಕಾಸಿ ಕೂಡ ಮಾಡಲಿಲ್ಲ. ನಾನು ಬಾನೆಟ್ ಎತ್ತಿ ತೋರಿಸ್ತಿದ್ದರೆ ಅವನ ಕಣ್ಣು ಮನೆ ಕಡೆಗೇ.

"ಮನೇಲಿ ನೀವೊಬ್ರೇನಾ ಮೇಡಂ?"

"ಹೂಂ, ಮಗಳು ಹಾಸ್ಟೆಲ್‌ನಲ್ಲಿ" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕೋರು ಯಾರು?

ಅವನು ಹೋದಮೇಲೆ ಅಂಗಡಿಗೆ ಹೊರಟಾಗ ಹೊಳೀತು. ಮನೆ ಕೀನೂ ಕಾರಿನ ಕೀ ಗೊಂಚಲಲ್ಲೇ ಇತ್ತು. ಹಾಗೇ ಎತ್ತಿ ಅವನ ಕೈಗೆ ಹಾಕಿದ್ದೀನಿ! ಅವನ ಫೋನ್ ಆಗಿನಿಂದ ಸ್ವಿಚ್ ಆಫ್.

ತಮ್ಮನಿಗೆ ಹೇಳಿದರೆ ರೇಗಿದ. "ನಿನ್ನ ಬುದ್ಧಿ ಎಲ್ಲಿ ಹುಲ್ಲು ಮೇಯೋಕೆ ಹೋಗಿತ್ತು? ಬೆಳಗ್ಗೆ ಬಂದು ಬೀಗ ಬದಲಾಯಿಸ್ತೀನಿ. ಚಿಲಕ ಹಾಕ್ಕೊಂಡು ಮಲಕ್ಕೋ."

ಚಿಲಕ ಕಿತ್ತು ಬಂದು ಎಷ್ಟು ದಿನ ಆಯ್ತು ಅಂತ ಅವನಿಗೇನು ಗೊತ್ತು. ಹೊಲಿಗೆ ಮೆಷಿನ್ ಎಳೆದು ತಂದು ಬಾಗಿಲಿಗೆ ಒತ್ತಿ ಇಟ್ಟಿದ್ದೀನಿ. ಪಾಪ, ಕಾರು ತಗೊಂಡವನು ಒಳ್ಳೆಯವನೇ ಇರಬಹುದು. ಫೋನ್ ಚಾರ್ಜ್ ಮುಗಿದಿರಬಹುದು. ಬೆಳಗ್ಗೆ ಅವನೇ ಬಂದು ಕೀ ಕೊಟ್ಟರೆ ನನಗೇ ನಾಚಿಕೆ ಆಗುತ್ತೆ, ಸುಮ್ಮನೆ ಇಲ್ಲದ್ದೆಲ್ಲ

ತಾಳು.

ಬೀದಿ ತುದೀಲಿ ಬೆಲ್ಟ್ ಕಿರುಚ್ತಾ ಇದೆ. ಆ ಸದ್ದು ನನಗೆ ಗೊತ್ತಿಲ್ಲದ್ದಾ? ಹತ್ತಿರ ಬರ್ತಿದೆ.

ನಿಂತಿತು. ನಮ್ಮ ಗೇಟಿನ